ಹತ್ತು ಸಾವಿರ ಆರ್‌ಪಿಎಂ ಯಾಕ ಬೇಕು, ತಮ್ಮಾ?

ತಮ್ಮಾ, ನೀವು ಹುಡುಗರೆಲ್ಲ ಸೇರಿ ಕಟ್ಟಿದ ನಾಲ್ಕು ಚಕ್ರದ ಕ್ವಾಡ್ ಬೈಕಿನ ಫ್ರೇಮ್ ಚಲೋ ಬಂದಿದೆ. ವೆಲ್ಡಿಂಗ್ ನೋಡಿದೆ, ಜಾಯಿಂಟುಗಳು ಗಟ್ಟಿ ಇವೆ. ಆದರೆ ಹಳೇ ಪಲ್ಸರ್ 220ರ ಎಂಜಿನ್ ಕೂರಿಸಿ, ಅದರ ಸುತ್ತಿಗೆ ಮಿತಿ ಹಾಕುವ ರೆವ್ ಲಿಮಿಟರ್ ಕಿತ್ತು, 10,000 ಆರ್‌ಪಿಎಂ ತನಕ ತಿರುಗಿಸಿದರೆ ಟಾಪ್ ಸ್ಪೀಡ್ ತಾನಾಗಿ ಏರುತ್ತದೆ ಅಂತ ಹೇಳಿದಿಯಲ್ಲ, ಅಲ್ಲಿ ನನಗೆ ತಕರಾರಿದೆ.

ಆ ಎಂಜಿನ್ ಅತಿ ಹೆಚ್ಚು ಜಗ್ಗುವುದು 7,000 ಆರ್‌ಪಿಎಂ ಹತ್ತಿರ, ಸುಮಾರು 19 ನ್ಯೂಟನ್ ಮೀಟರ್ ಟಾರ್ಕ್. ಪೂರ್ತಿ ಪವರ್ ಸಿಗುವುದು 8,500ರಲ್ಲಿ, 21 ಪಿಎಸ್. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿದರೆ ಬರುವುದೇ ಪವರ್. 7,000ದಿಂದ ಮೇಲಕ್ಕೆ ಟಾರ್ಕ್ ನಿಧಾನ ಇಳಿಯುತ್ತದೆ, ಆರ್‌ಪಿಎಂ ಅದಕ್ಕಿಂತ ಜೋರು ಏರುತ್ತದೆ, ಹೀಗಾಗಿ ಪವರ್ ಏರುತ್ತದೆ. 8,500 ದಾಟಿದ ಮೇಲೆ ಇದು ಉಲ್ಟಾ ಆಗುತ್ತದೆ. ಅಷ್ಟು ವೇಗದಲ್ಲಿ ಪಿಸ್ಟನ್ ಒಮ್ಮೆ ಕೆಳಗಿಳಿದು ಗಾಳಿ ಎಳೆಯಲು ಸಿಗುವ ಸಮಯ ಸೆಕೆಂಡಿನ ಸಾವಿರ ಪಾಲಿನಲ್ಲಿ ಮೂರೂವರೆ ಪಾಲು. 10,000ಕ್ಕೆ ಹೋದರೆ ಬರೀ ಮೂರು. ಸಿಲಿಂಡರ್ ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ಎಂಜಿನ್ ಒದರುತ್ತದೆ, ಗಾಡಿ ಓಡುವುದಿಲ್ಲ.

ಮೇಲಿಂದ ಒಳಗಿನ ಪೆಟ್ಟು ಬೇರೆ. ಆ ಎಂಜಿನ್ನಿನ ಸ್ಟ್ರೋಕ್, ಅಂದರೆ ಪಿಸ್ಟನ್ ಒಮ್ಮೆ ಓಡುವ ದೂರ, 62.4 ಮಿಲಿಮೀಟರ್. 8,500ರಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 17.7 ಮೀಟರ್, 10,000ದಲ್ಲಿ 20.8. ಇಷ್ಟೇ ಅಂದುಕೊಳ್ಳಬೇಡ. ಕನೆಕ್ಟಿಂಗ್ ರಾಡನ್ನು ಹಿಡಿದು ಜಗ್ಗುವ ಬಲ ವೇಗದ ವರ್ಗದಂತೆ ಬೆಳೆಯುತ್ತದೆ, ಅಂದರೆ ನೂರಕ್ಕೆ 38ರಷ್ಟು ಹೆಚ್ಚು. ವಾಲ್ವ್ ಸ್ಪ್ರಿಂಗಿಗೆ ವಾಲ್ವನ್ನು ಸಮಯಕ್ಕೆ ಮುಚ್ಚಲು ಆಗದಿದ್ದರೆ, ಮೇಲೆ ಬರುವ ಪಿಸ್ಟನ್ನಿಗೆ ಅದು ಬಡಿಯುತ್ತದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಏನು ಕೇಳಿದರೂ ಎರಕ ಹೊಯ್ದು, ಟರ್ನಿಂಗ್ ಮಾಡಿ ಕೊಡುವವರಿದ್ದಾರೆ ಖರೆ. ಆದರೆ ಬಾಗಿದ ವಾಲ್ವಿನ ಹಿಂದೆ ಹೆಡ್ಡು, ಪಿಸ್ಟನ್ನು, ಬಿಗ್ ಎಂಡ್ ಬೇರಿಂಗ್ ಎಲ್ಲಾ ಸಾಲಾಗಿ ಬರುತ್ತವೆ, ಬಿಲ್ಲೂ ಬರುತ್ತದೆ.

ಇನ್ನು ನೀನು ಕೇಳಿದ ಟಾಪ್ ಸ್ಪೀಡು. ನಿಮ್ಮ ಹಿಂದಿನ ಟೈರು 22 ಇಂಚು ಎತ್ತರದ್ದು, ಒಂದು ಸುತ್ತಿಗೆ 1.75 ಮೀಟರ್ ಓಡುತ್ತದೆ. ಕೊನೇ ಗೇರಿನಲ್ಲಿ ಎಂಜಿನ್ ಹತ್ತು ಸುತ್ತಿದಾಗ ಚಕ್ರ ಒಂದು ಸುತ್ತುತ್ತದೆ ಅಂತ ಹಿಡಿ. 8,500ಕ್ಕೆ ಗಂಟೆಗೆ ಸುಮಾರು 90 ಕಿಲೋಮೀಟರ್ ಬಂತು. ಕಾಗದದ ಮೇಲೆ. ಆ ವೇಗಕ್ಕೆ ಬೇಕಾದ ಪವರ್ ಇದೆಯೇ ಅಂತ ಯಾರೂ ಕೇಳುವುದಿಲ್ಲ. ಗಾಳಿಯನ್ನು ಸೀಳಲು ಬೇಕಾದ ಪವರ್ ವೇಗದ ಘನದಂತೆ ಏರುತ್ತದೆ, ನೂರಕ್ಕೆ ಹತ್ತು ಜೋರು ಹೋಗಲು ಮೂರನೇ ಒಂದು ಪಾಲು ಹೆಚ್ಚಿಗೆ ಬೇಕು. ಕ್ವಾಡ್ ಅಗಲದ ಗಾಡಿ, ಕೂತವನು ಎದೆ ಸೆಟೆಸಿ ಕೂರುತ್ತಾನೆ, ಬೈಕಿನ ಹಾಗೆ ಬಗ್ಗಿ ಮುದುಡುವುದಿಲ್ಲ. ಇದರ ಜೊತೆಗೆ ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಗಾಳಿ ನೂರಕ್ಕೆ ಏಳರಷ್ಟು ತೆಳು, ಹಾಗಾಗಿ ಆ 21 ಪಿಎಸ್ ನಮ್ಮಲ್ಲಿ ಹತ್ತೊಂಬತ್ತೂವರೆ.

ಖಾನಾಪುರದ ಕಡೆ ಹೋದರೆ ನೆಲವೂ ಗಾಡಿಯನ್ನು ಹಿಡಿಯುತ್ತದೆ. ಜಾಂಬೋಟಿಯಿಂದ ಮಲಪ್ರಭೆ ಹುಟ್ಟುವ ಕಣಕುಂಬಿ ತನಕ ಮಳೆಗಾಲದಲ್ಲಿ ಏನು ರಾಡಿ ಅಂತ ನಿನಗೇ ಗೊತ್ತು. ಖಾನಾಪುರ ಹಂಚಿಗೆ, ಕುಂಬಾರಿಕೆಗೆ ಹೆಸರಾದ ಊರು. ಹದ ಹಿಡಿದು ಅಂಟುವ ಮಣ್ಣು ಟೈರಿಗೂ ಬಿಡದೆ ಅಂಟುತ್ತದೆ. ಅಂಥ ನೆಲದಲ್ಲಿ ನಿನ್ನ ಎಂಜಿನ್ ಕೊನೇ ಗೇರಿನಲ್ಲಿ 6,500ಕ್ಕೇ ಏದುಸಿರು ಬಿಡುತ್ತದೆ. 10,000ದ ಮಾತು ದೂರ, 8,500ನ್ನೂ ಮುಟ್ಟುವುದಿಲ್ಲ.

ಅದಕ್ಕೇ ಹಿಂದಿನ ಸ್ಪ್ರಾಕೆಟ್ 40 ಹಲ್ಲಿನದು ತೆಗೆದು 44ರದ್ದು ಹಾಕು. ಲೆಕ್ಕದ ಟಾಪ್ ಸ್ಪೀಡ್ 90ರಿಂದ 81ಕ್ಕೆ ಇಳಿಯುತ್ತದೆ, ನಿನ್ನ ಗೆಳೆಯರು ನಗಬಹುದು. ಆದರೆ ಚಕ್ರಕ್ಕೆ ಜಗ್ಗುವ ತಾಕತ್ತು ನೂರಕ್ಕೆ ಹತ್ತು ಹೆಚ್ಚುತ್ತದೆ, ಎಂಜಿನ್ ತನ್ನ ಪವರ್ ಇರುವ ಜಾಗಕ್ಕೆ ಏರುತ್ತದೆ. ಎಷ್ಟೋ ಸಲ ಹೀಗೆ ಗೇರ್ ಸಣ್ಣದು ಮಾಡಿದ ಗಾಡಿಯೇ ನೆಲದ ಮೇಲೆ ಮೊದಲಿಗಿಂತ ಜೋರು ಓಡುತ್ತದೆ.

ನಿಮ್ಮದು ಕಾರ್ಬ್ಯುರೇಟರ್ ಎಂಜಿನ್, ಅದಕ್ಕೇ ಇನ್ನೊಂದು ಮಾತು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಪೆಟ್ರೋಲ್ ಹಾಯುವ ಹಳೇ ಮೇನ್ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ಪೆಟ್ರೋಲ್ ಕಡಿಮೆ ಬೀಳುತ್ತದೆ. ಅದರ ಮೇಲೆ ಫ್ರೀ ಫ್ಲೋ ಸೈಲೆನ್ಸರ್, ಮುಚ್ಚಳವಿಲ್ಲದ ಫಿಲ್ಟರ್ ಹಾಕಿದರೆ ಇನ್ನೂ ತೆಳು. ಪೂರ್ತಿ ಥ್ರಾಟಲಿನಲ್ಲಿ ಎರಡು ನಿಮಿಷ ಓಡಿಸಿದರೆ ಪಿಸ್ಟನ್ ಕಾಯ್ದು ಹಿಡಿದುಕೊಳ್ಳಬಹುದು. ಚೋರ್ಲಾ ಘಾಟ್ ಇಳಿದು ಗೋವಾ ಕಡೆ ಹೋದಿರೋ, ಅಲ್ಲಿ ಗಾಳಿ ದಪ್ಪ, ಮಿಶ್ರಣ ಮತ್ತಷ್ಟು ತೆಳು. ಒಂದು ನಂಬರ್ ದೊಡ್ಡ ಜೆಟ್ ಹಾಕಿ ನೋಡಿ. ಸಿಲಿಂಡರಿನ ಫಿನ್ನುಗಳಲ್ಲಿ ಕೂತ ರಾಡಿಯನ್ನು ಪ್ರತಿ ಸಲ ತೊಳೆಯಿರಿ. ಬೈಕಿನಲ್ಲಿ ಎದುರುಗಾಳಿ ನೇರ ಬಡಿಯುತ್ತಿದ್ದ ಎಂಜಿನ್ ಇದು, ಈಗ ಪೈಪುಗಳ ಹಿಂದೆ ಕೂತಿದೆ.

ಇದನ್ನು ಖಾನಾಪುರ ರಸ್ತೆಯಲ್ಲಿ ಓಡಿಸುವ ಆಸೆ ಬಿಡು. ಇಂಥ ಗಾಡಿಗೆ ಆರ್‌ಟಿಒ ನಂಬರ್ ಕೊಡುವುದಿಲ್ಲ, ಛೋಟಾ ಹಾತಿಯಲ್ಲಿ ಹೇರಿಕೊಂಡು ಹೋಗಿ. ಭೀಮಗಡದ ಕಾಡಿನ ಅಂಚಿಗೂ ಬೇಡ. 2011ರಿಂದ ಅದು ವನ್ಯಜೀವಿ ಧಾಮ, ಪರವಾನಗಿ ಇಲ್ಲದೆ ಒಳಗೆ ಹೋಗುವಂತಿಲ್ಲ, ನಿಮ್ಮ ಸೈಲೆನ್ಸರಿನ ಸದ್ದಂತೂ ಅಲ್ಲಿ ಯಾರಿಗೂ ಬೇಡ. ಹೊಲದ ಮಾಲೀಕರನ್ನು ಕೇಳಿ, ಖಾಲಿ ಹೊಲದಲ್ಲಿ ಓಡಿಸಿ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲಿನಲ್ಲಿವೆ, ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮೈ ಒಳಗೆ ವಾಲಿಸದಿದ್ದರೆ ಗಾಡಿ ನೆಟ್ಟಗೆ ಹೋಗುತ್ತದೆ ಇಲ್ಲವೇ ಮಗುಚುತ್ತದೆ. ಹೆಲ್ಮೆಟ್ ಇರಲಿ, ಕೈಗೆ ಕಟ್ಟಿಕೊಳ್ಳುವ ಕಿಲ್ ಸ್ವಿಚ್ಚೂ ಇರಲಿ.

ನಮ್ಮಲ್ಲಿ ಸ್ಪ್ರಾಕೆಟ್ ಹಲ್ಲು ಕತ್ತರಿಸುವ ಮಷಿನ್ ಶನಿವಾರ ಖಾಲಿ ಇರುತ್ತದೆ. ನೀವು ಹಾಕಿರುವ ಚೈನು 428ರದ್ದೋ 520ರದ್ದೋ ಅಷ್ಟು ನೋಡಿಕೊಂಡು, ಹಳೇ ಸ್ಪ್ರಾಕೆಟ್ ಕೈಯಲ್ಲಿ ಹಿಡಿದು ಬಾ.