ತಡವಾಗಿ ಬರುವ ಧ್ವನಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಬಯಲುಗಳಲ್ಲಿ ಯಕ್ಷಗಾನವನ್ನು ದೂರ ನಿಂತು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಚೆಂಡೆಯ ಮೇಲೆ ಕೋಲು ಬಿದ್ದುದು ಮೊದಲು ಕಾಣುತ್ತದೆ. ಪೆಟ್ಟು ಅನಂತರ ಕೇಳುತ್ತದೆ. ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 350 ಮೀಟರ್ ಚಲಿಸುವುದರಿಂದ, 35 ಮೀಟರ್ ದೂರದವನಿಗೆ ಅದು ಸೆಕೆಂಡಿನ ಹತ್ತನೆಯ ಒಂದು ಪಾಲು ತಡ. ಪ್ರೇಕ್ಷಕನಿಗೆ ಇದರಿಂದ ಬಾಧಕವಿಲ್ಲ. ಆದರೆ ಭಾಗವತರಿಗೆ ತಮ್ಮದೇ ಕಂಠವು ಧ್ವನಿವರ್ಧಕದಿಂದ ಅಷ್ಟು ತಡವಾಗಿ ಮರಳಿ ಕೇಳಿದರೆ ತಾಳ ಹಿಡಿಯುವುದೇ ದುಸ್ತರ.

ಕಂಠಕ್ಕೆ ಅನುರಣನವನ್ನು ಕೂಡಿಸುವ ಸಾಧನವನ್ನು ಇಂದು ವಿದ್ಯಾರ್ಥಿಗಳೇ ರಾಸ್ಪ್‌ಬೆರಿ ಪೈನಂತಹ ಪುಟ್ಟ ಎ.ಆರ್.ಎಂ. ಗಣಕದಿಂದ ರಚಿಸಬಹುದು. ಅದರಲ್ಲಿ ಮೈಕಿಗೆ ದ್ವಾರವಿಲ್ಲದ ಕಾರಣ ಯು.ಎಸ್.ಬಿ. ಧ್ವನಿಫಲಕವೊಂದು ಬೇಕು. ಗಣನೆಯ ವೇಗವೇನೋ ಧಾರಾಳವಾಗಿದೆ. ಆದರೂ ಮೊದಲ ಪ್ರಯತ್ನದಲ್ಲಿ ಧ್ವನಿ ತಡವಾಗಿಯೇ ಬರುತ್ತದೆ. ಏಕೆಂಬುದನ್ನು ನೋಡೋಣ.

ಸೇತುವೆಯಿಲ್ಲದ ಕಡೆ ನೇತ್ರಾವತಿಯನ್ನು ದಾಟಲು ಕಡವಿನ ದೋಣಿಯೇ ಗತಿಯಾಗಿತ್ತು. ದೋಣಿ ತುಂಬುವ ತನಕ ಅಂಬಿಗನು ಹೊರಡನು. ಮೊದಲು ಹತ್ತಿದವನು ಕೊನೆಯವನಿಗಾಗಿ ಕಾಯಬೇಕು. ಲಿನಕ್ಸ್ ಸಹ ಧ್ವನಿಯನ್ನು ಅಳೆದ ಅಂಕಿಗಳನ್ನು ಕಂತುಕಂತಾಗಿಯೇ ದಾಟಿಸುತ್ತದೆ. ಸೆಕೆಂಡಿಗೆ 48,000 ಅಂಕಿ, ಕಂತಿಗೆ 1,024 ಎಂದಿಟ್ಟರೆ ಒಂದು ಕಂತು ತುಂಬಲು 21.3 ಮಿಲಿಸೆಕೆಂಡು ಬೇಕು. ಒಳಬರುವಾಗ ಒಂದು ಕಂತು, ಹೊರಹೋಗುವಾಗ ಎರಡು; ಒಟ್ಟು ವಿಳಂಬ 64 ಮಿಲಿಸೆಕೆಂಡು. ಕಂತನ್ನು 128ಕ್ಕೆ ಇಳಿಸಿದರೆ ಇದು 8 ಆಗುತ್ತದೆ. 2.8 ಮೀಟರ್ ದೂರದಲ್ಲಿ ಕುಳಿತ ಮದ್ದಳೆಗಾರನ ಪೆಟ್ಟು ಭಾಗವತರ ಕಿವಿಯನ್ನು ಮುಟ್ಟಲು ಹಿಡಿಯುವ ಹೊತ್ತೂ ಅಷ್ಟೇ! ಧ್ವನಿಫಲಕದ ಸ್ವಂತ ವಿಳಂಬವು ಇದಕ್ಕೆ ಸ್ವಲ್ಪ ಕೂಡುತ್ತದೆ.

ಆದರೆ ದೋಣಿ ಚಿಕ್ಕದಾದಷ್ಟೂ ಅಂಬಿಗನಿಗೆ ಬಿಡುವಿಲ್ಲ. ಗಣಕವು 2.7 ಮಿಲಿಸೆಕೆಂಡಿಗೊಮ್ಮೆ ತಪ್ಪದೆ ಬರಬೇಕು. ಒಮ್ಮೆ ಬೇರೆ ಕೆಲಸದಲ್ಲಿ ತೊಡಗಿದರೂ ಕಂತು ತಪ್ಪಿ 'ಟಪ್' ಎಂಬ ಸದ್ದು ಕೇಳುತ್ತದೆ. ತೊಡಕಿರುವುದು ಇಲ್ಲಿಯೇ, ದುಬಾರಿ ಗಣಕವನ್ನು ಕೊಳ್ಳುವುದು ಇದಕ್ಕೆ ಮದ್ದಲ್ಲ. 'ಜ್ಯಾಕ್' ಎಂಬ ಧ್ವನಿವ್ಯವಸ್ಥೆಯನ್ನು ನೈಜಕಾಲದ ಆದ್ಯತೆಯಲ್ಲಿ ನಡೆಸಿದರೆ ಉಳಿದ ಕೆಲಸಗಳು ಅದಕ್ಕೆ ದಾರಿ ಬಿಡುತ್ತವೆ. ಇದನ್ನು ಬಿಗಿಗೊಳಿಸುವ ಮಾರ್ಪಾಡು ವರ್ಷಾನುಗಟ್ಟಲೆ ಪ್ರತ್ಯೇಕವಾಗಿ ಬೆಳೆದು, 2024ರಲ್ಲಿ ಲಿನಕ್ಸ್ 6.12ನೆಯ ಆವೃತ್ತಿಯಲ್ಲಿ ಸೇರಿತು. ಬಿಡುವಾದಾಗ ವೇಗವನ್ನು ತಗ್ಗಿಸಿಕೊಳ್ಳುವ ಪ್ರೊಸೆಸರನ್ನು 'ಪರ್ಫಾರ್ಮೆನ್ಸ್' ಸ್ಥಿತಿಯಲ್ಲಿ ನಿಲ್ಲಿಸಬೇಕು. ಕಾವು 80 ಡಿಗ್ರಿ ಸೆಲ್ಸಿಯಸ್ ದಾಟಿದರೂ ಅದು ತಾನಾಗಿ ನಿಧಾನವಾಗುವುದರಿಂದ, ನಮ್ಮ ಕರಾವಳಿಯ ಸೆಕೆಗೆ ಪುಟ್ಟ ಫ್ಯಾನೊಂದನ್ನು ಜೋಡಿಸುವುದು ಲೇಸು.

ಕಿವಿಯನ್ನಷ್ಟೇ ನಂಬದೆ ಅಳೆದು ನೋಡಬೇಕು. ಧ್ವನಿಫಲಕದ ಹೊರದ್ವಾರವನ್ನು ಅದರ ಒಳದ್ವಾರಕ್ಕೆ ತಂತಿಯಿಂದ ಜೋಡಿಸಿ, 'ಜ್ಯಾಕ್ ಐಒಡಿಲೇ' ಎಂಬ ಕ್ರಮವಿಧಿಯನ್ನು ನಡೆಸಿದರೆ, ಸಂಕೇತವು ಒಂದು ಸುತ್ತು ಬರಲು ಹಿಡಿದ ಕಾಲ ಪರದೆಯ ಮೇಲೆ ಮೂಡುತ್ತದೆ. ಕಂತನ್ನು 256ರಿಂದ ಆರಂಭಿಸಿ, ಒಂದು ಗಂಟೆ 'ಟಪ್' ಸದ್ದಿಲ್ಲದೆ ನಡೆದರೆ ಮಾತ್ರ 128ಕ್ಕೆ ಇಳಿಯಬಹುದು. ಬೆಳಗಿನ ತನಕದ ಆಟವಾದರೆ ನಾವು 256ರಲ್ಲಿಯೇ ನಿಲ್ಲುವೆವು.