ಕಡಲ ನೀರು ಮತ್ತು ಹಬೆ: ಒಂದು ಹಳೆಯ ಪಾಠದ ತಿದ್ದುಪಡಿ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಶಾಲೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದರು. ನೆನಪುಗಳನ್ನು ಬರೆಯಬಲ್ಲವರು ಹಲವರಿದ್ದಾರೆ. ನಾನು ಒಂದು ಪಾಠವನ್ನೇ ಬರೆಯುತ್ತೇನೆ. ಏಕೆಂದರೆ 1979ರಲ್ಲಿ ಅದನ್ನು ತಪ್ಪಾಗಿ ಕಲಿಸಿದವನು ನಾನೇ.

ಏಳನೆಯ ತರಗತಿಯಲ್ಲಿ ಆಸ್ಟ್ರೇಲಿಯಾ ಖಂಡದ ಪಾಠ ನಡೆದಿತ್ತು. ಅಡಿಲೇಡ್ ನಗರದ ಸಮೀಪ, ಟಾರೆನ್ಸ್ ದ್ವೀಪದಲ್ಲಿರುವ ವಿದ್ಯುತ್ ಸ್ಥಾವರದ ಚಿತ್ರವೊಂದನ್ನು ಹಳೆಯ ಪತ್ರಿಕೆಯಿಂದ ಕತ್ತರಿಸಿ ತಂದು ತೋರಿಸಿದೆ. ವಿದ್ಯುತ್ತೆಂದರೆ ಜೋಗ, ಇಡುಕ್ಕಿ ಎಂದಷ್ಟೇ ಅರಿತಿದ್ದ ಮಕ್ಕಳು, ಜಲಪಾತವಿಲ್ಲದೆ ಅದು ಹೇಗೆಂದು ಕೇಳಿದರು. ಸುತ್ತಲಿನ ಕಡಲ ನೀರನ್ನೇ ಕುದಿಸಿ ಹಬೆ ಮಾಡುತ್ತಾರೆ ಎಂದುಬಿಟ್ಟೆ. ಹಿಂದಿನ ಬೆಂಚಿನಿಂದ ಮೊಗವೀರರ ಹುಡುಗನೊಬ್ಬ ಎದ್ದು, "ಉಪ್ಪುನೀರು ಕುದಿಸಿದರೆ ಪಾತ್ರೆಯಲ್ಲಿ ಉಪ್ಪು ಕಟ್ಟುವುದಿಲ್ಲವಾ ಮಾಷ್ಟ್ರೇ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. "ಅಧಿಕಪ್ರಸಂಗ ಬೇಡ, ಕುಳಿತುಕೋ" ಎಂದೆ.

ನಿವೃತ್ತನಾದ ಮೇಲೆ, ಅಡಿಲೇಡಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಾಗ ಆ ಸ್ಥಾವರದ ವಿಷಯವನ್ನು ಬಿಡಿಸಿ ಹೇಳಿದ. ಬಳಿಕ ನಾನೂ ಓದಿ ತಿಳಿದುಕೊಂಡೆ.

ಟಾರೆನ್ಸ್ ದ್ವೀಪವು ನಡುಗಡಲಿನ ದ್ವೀಪವಲ್ಲ. ಅಳಿವೆಯ ಕವಲುಗಳ ನಡುವೆ ಕಾಂಡ್ಲಾ ಗಿಡಗಳಿಂದ ಸುತ್ತುವರಿದ ತಗ್ಗು ನೆಲ. (ಮೊದಲ ಮಹಾಯುದ್ಧದ ಕಾಲದಲ್ಲಿ, 1914-15ರಲ್ಲಿ, ಜರ್ಮನ್ ಮೂಲದವರನ್ನು ಅಲ್ಲಿ ಶಿಬಿರದಲ್ಲಿ ಕೂಡಿಹಾಕಿದ್ದರಂತೆ.) ಸ್ಥಾವರವು 1967ರಲ್ಲಿ ಆರಂಭವಾಯಿತು. ತಲಾ 120 ಮೆಗಾವಾಟಿನ ನಾಲ್ಕು ಘಟಕಗಳು ಮೊದಲು, ತಲಾ 200 ಮೆಗಾವಾಟಿನ ನಾಲ್ಕು ಘಟಕಗಳು ಆಮೇಲೆ. 1981ರ ಹೊತ್ತಿಗೆ ಒಟ್ಟು 1280 ಮೆಗಾವಾಟ್. ಎಣ್ಣೆಯನ್ನಾಗಲಿ ಅನಿಲವನ್ನಾಗಲಿ ಉರಿಸಬಲ್ಲ ಒಲೆಗಳು ಅಲ್ಲಿನವು. ಮರುಭೂಮಿಯ ಮೂಂಬಾ ಎಂಬಲ್ಲಿಂದ ಸುಮಾರು 780 ಕಿಲೋಮೀಟರ್ ಉದ್ದದ ಕೊಳವೆ 1969ರಲ್ಲಿ ಅಡಿಲೇಡನ್ನು ತಲುಪಿದ ಮೇಲೆ ನೈಸರ್ಗಿಕ ಅನಿಲವೇ ಮುಖ್ಯ ಇಂಧನವಾಯಿತು. ಉರಿಸುವ ಎಣ್ಣೆ ಮಂದವಾದುದು. ಬಿಸಿಮಾಡಿ ತೆಳುವಾಗಿಸಿ ಸಿಂಪಡಿಸಬೇಕು. ಅನಿಲಕ್ಕೆ ಆ ಕಷ್ಟವಿಲ್ಲ, ಬೂದಿಯೂ ಇಲ್ಲ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಬಾಯ್ಲರಿನ ಕೊಳವೆಗಳಲ್ಲಿ ಹರಿಯುವುದು ಕಡಲ ನೀರಲ್ಲ. ಲವಣಗಳನ್ನೆಲ್ಲ ತೆಗೆದು ಶುದ್ಧಗೊಳಿಸಿದ ನೀರು. ಉಪ್ಪುನೀರನ್ನು ಹಾಕಿದರೆ ಕೊಳವೆಯ ಒಳಮೈಗೆ ಉಪ್ಪು ಗಟ್ಟಿಯಾಗಿ ಹತ್ತಿ, ಶಾಖ ನೀರಿಗೆ ದಾಟದೆ ಕೊಳವೆಯೇ ಕೆಂಪಗೆ ಕಾದು ಒಡೆದುಹೋಗುತ್ತದೆ. ಶುದ್ಧ ನೀರಿನಿಂದಾದ ಬಿಸಿ ಹಬೆ ಟರ್ಬೈನನ್ನು ನಿಮಿಷಕ್ಕೆ 3000 ಸುತ್ತು ತಿರುಗಿಸುತ್ತದೆ. ಟರ್ಬೈನಿನ ದಂಡಕ್ಕೆ ಜೋಡಿಸಿದ ಜನರೇಟರಿನಲ್ಲಿ ವಿದ್ಯುತ್ತು ಹುಟ್ಟುತ್ತದೆ.

ಹಾಗಾದರೆ ಕಡಲೇಕೆ ಬೇಕು? ಕೆಲಸ ಮುಗಿಸಿದ ಹಬೆಯನ್ನು ಮರಳಿ ನೀರಾಗಿಸಲು. ಕಂಡೆನ್ಸರ್ ಎಂಬ ದೊಡ್ಡ ಪೆಟ್ಟಿಗೆಯಲ್ಲಿ ಸಾವಿರಾರು ಸಣ್ಣ ಕೊಳವೆಗಳೊಳಗೆ ತಣ್ಣನೆಯ ಕಡಲ ನೀರು ಹರಿಯುತ್ತದೆ, ಹೊರಗೆ ಹಬೆ ತಗಲುತ್ತದೆ. ಎರಡೂ ಪರಸ್ಪರ ಬೆರೆಯುವುದಿಲ್ಲ. ಗೇರುಹಣ್ಣಿನ ಭಟ್ಟಿ ಇಳಿಸುವವರು ಮೇಲಿನ ಪಾತ್ರೆಗೆ ತಣ್ಣೀರು ಸುರಿಯುವುದೂ ಇದೇ ತತ್ತ್ವದಿಂದ. ಈ ಉದಾಹರಣೆಯನ್ನು ತರಗತಿಯಲ್ಲಿ ಕೊಡುವಂತಿರಲಿಲ್ಲ, ಇಲ್ಲಿ ಕ್ಷಮೆಯಿರಲಿ. ಹಬೆ ನೀರಾದಾಗ ಅದು ಆವರಿಸಿದ್ದ ಜಾಗ ಬಹುಪಾಲು ಬರಿದಾಗಿ ನಿರ್ವಾತವುಂಟಾಗುತ್ತದೆ; ಆ ಸೆಳೆತದಿಂದ ಹಿಂದಿನ ಹಬೆ ಇನ್ನಷ್ಟು ಬಲವಾಗಿ ಟರ್ಬೈನನ್ನು ತಳ್ಳುತ್ತದೆ. ಹೀಗಾಗಿಯೇ ಇಂಥ ಸ್ಥಾವರಗಳನ್ನು ನೀರಿನ ಬದಿಯಲ್ಲಿ ಕಟ್ಟುವುದು. ಇಷ್ಟಾದರೂ ಇಂಧನದ ಶಾಖದಲ್ಲಿ ವಿದ್ಯುತ್ತಾಗುವುದು ಹೆಚ್ಚುಕಡಮೆ ಮೂರನೆಯ ಒಂದು ಪಾಲು ಮಾತ್ರ. ಉಳಿದುದರಲ್ಲಿ ಹೆಚ್ಚಿನದು ಬೆಚ್ಚನೆಯ ನೀರಾಗಿ ಅಳಿವೆಗೆ ಸೇರುತ್ತದೆ. ಆ ಅಳಿವೆಯಲ್ಲಿ ಡಾಲ್ಫಿನ್‌ಗಳಿವೆ. 2005ರಲ್ಲಿ ಅದನ್ನು ಅವುಗಳ ರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು.

ನಾನು ಚಿತ್ರದಲ್ಲಿ ತೋರಿಸಿದ ಮೊದಲ ನಾಲ್ಕು ಘಟಕಗಳು 2020ರಿಂದ 2022ರೊಳಗೆ ಮುಚ್ಚಿದವು. ಉಳಿದವುಗಳನ್ನೂ ಮುಚ್ಚುವ ನಿರ್ಧಾರವಾಗಿದೆ. ಅದೇ ದ್ವೀಪದಲ್ಲಿ 2023ರಲ್ಲಿ 250 ಮೆಗಾವಾಟಿನ ಬ್ಯಾಟರಿ ಕಾರ್ಯಾರಂಭ ಮಾಡಿತು. ಅದಕ್ಕೆ ಹಬೆಯೂ ಬೇಡ, ಕಡಲ ನೀರೂ ಬೇಡ.

ಆ ಹುಡುಗ ಅದೇ ವರ್ಷ ಶಾಲೆ ಬಿಟ್ಟು ದೋಣಿ ಹತ್ತಿದ. ಈಗ ಅವನಿಗೂ ಮೊಮ್ಮಕ್ಕಳಿರಬಹುದು. ಅವರಲ್ಲಿ ಯಾರಾದರೂ ನಮ್ಮ ಶಾಲೆಯಲ್ಲಿ ಕಲಿಯುತ್ತಿದ್ದರೆ, ಈ ಪುಟವನ್ನು ಅಜ್ಜನಿಗೆ ಓದಿ ಹೇಳಲಿ. ಉಪ್ಪು ಕಟ್ಟುತ್ತದೆಂದು ಮಾಷ್ಟ್ರು ಒಪ್ಪಿದ್ದಾರೆ ಎಂದು ತಿಳಿಸಲಿ.