ಅಂಜಿಕೆಯ ದಿನಗಳಿಗೆ ಒಂದು ಮಾತು

ಪ್ರೀತಿಯ ಮಕ್ಕಳೇ,

ನಿಮ್ಮ ಬಾಳಿನಲ್ಲೂ ಊರಿಗೆ ಊರೇ ಹೆದರುವ ದಿನಗಳು ಬರಬಹುದು. ಆಗ ನೆರೆಯವರನ್ನು ಹೇಗೆ ಕಾಣಬೇಕು ಎಂಬುದನ್ನು ಮನಸ್ಸು ತಿಳಿಯಾಗಿರುವ ಈಗಲೇ ತೀರ್ಮಾನಿಸಿಕೊಳ್ಳಿ. ಬಿಸಿ ಏರಿದ ಮೇಲೆ ಯೋಚಿಸುವುದು ಕಷ್ಟ. ಅಮೆರಿಕದಂಥ ದೇಶಕ್ಕೂ ಅದು ಸಾಧ್ಯವಾಗಲಿಲ್ಲ.

ನಾವು ಅಂಜಬೇಕಾದದ್ದು ಅಂಜಿಕೆಗೆ ಮಾತ್ರ ಎಂದು 1933ರಲ್ಲಿ, ಆರ್ಥಿಕ ಕುಸಿತದಿಂದ ಕಂಗೆಟ್ಟಿದ್ದ ಜನರಿಗೆ ಧೈರ್ಯ ತುಂಬಿದವರು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. ಎರಡೂವರೆ ತಿಂಗಳೊಳಗೆ, 1942ರ ಫೆಬ್ರವರಿ 19ರಂದು, ಅದೇ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ದೇಶದ ರಕ್ಷಣೆಯ ಹೆಸರಿನಲ್ಲಿ ಹೊರಟ ಆ ಆದೇಶದಿಂದ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರು ಮನೆ, ಅಂಗಡಿ, ತೋಟಗಳನ್ನು ಬಿಟ್ಟು ಮುಳ್ಳುತಂತಿಯ ಶಿಬಿರಗಳನ್ನು ಸೇರಬೇಕಾಯಿತು. ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಪ್ರಜೆಗಳೇ. ಆರೋಪವಿಲ್ಲ, ವಿಚಾರಣೆಯಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರು.

ಬಾಂಬು ಬಿದ್ದದ್ದು ಹವಾಯಿಯಲ್ಲಿ. ಆಗ ಅಲ್ಲಿನ ಜನಸಂಖ್ಯೆಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ಜಪಾನಿ ಮೂಲದವರೇ. ಆದರೂ ಅಲ್ಲಿ ಸಾಮೂಹಿಕ ಸೆರೆ ನಡೆಯಲಿಲ್ಲ. ಅವರ ದುಡಿಮೆಯಿಲ್ಲದೆ ದ್ವೀಪಗಳ ಬದುಕು ಸಾಗುವಂತಿರಲಿಲ್ಲ. ದೇಶದ ರಕ್ಷಣೆ ಎಂಬ ಕಾರಣ ಎಷ್ಟು ಪೊಳ್ಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಜಪಾನಿ ಮೂಲದವರ ಮೇಲಿನ ಈ ಅನುಮಾನ ಒಂದೇ ರಾತ್ರಿಯಲ್ಲಿ ಹುಟ್ಟಿದ್ದಲ್ಲ. ಏಷ್ಯಾದವರು ಪೌರತ್ವಕ್ಕೆ ತಕ್ಕವರಲ್ಲ ಎಂದು ಕಾನೂನೇ ವರ್ಷಗಳಿಂದ ಹೇಳಿಕೊಡುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ನಮ್ಮ ದೇಶದ ಭಗತ್ ಸಿಂಗ್ ಥಿಂಡ್ ಅವರಿಗೂ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪೌರತ್ವ ನಿರಾಕರಿಸಿತು. 1924ರ ವಲಸೆ ಕಾಯ್ದೆ ಜಪಾನಿಗಳಿಗೆ ಬಾಗಿಲನ್ನೇ ಮುಚ್ಚಿತು. ಶಾಂತಿಕಾಲದಲ್ಲಿ ಸಹಿಸಿಕೊಂಡ ತಾತ್ಸಾರವೇ ಯುದ್ಧ ಬಂದಾಗ ಬೇಲಿ ಕಟ್ಟಿತು.

ಎಲ್ಲರೂ ತಲೆಬಾಗಲಿಲ್ಲ. ಸಿಯಾಟಲ್‌ನ ವಿದ್ಯಾರ್ಥಿ ಗಾರ್ಡನ್ ಹಿರಾಬಯಾಶಿ, ಓಕ್ಲೆಂಡ್‌ನ ಬೆಸುಗೆ ಕೆಲಸಗಾರ ಫ್ರೆಡ್ ಕೊರೆಮಾತ್ಸು ಆದೇಶ ಮೀರಿ ಕೋರ್ಟಿಗೆ ಹೋದರು. ಆಗ ಇಬ್ಬರೂ ಇನ್ನೂ ತರುಣರು. ಕೊಲೊರಾಡೊದ ಗವರ್ನರ್ ರಾಲ್ಫ್ ಕಾರ್, ಜಪಾನಿ ಮೂಲದವರೂ ನಮ್ಮಂಥ ಪ್ರಜೆಗಳೇ ಎಂದು ಬಹಿರಂಗವಾಗಿ ನಿಂತರು. 1944ರಲ್ಲಿ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಕೊರೆಮಾತ್ಸು ವಿರುದ್ಧವೇ ತೀರ್ಪಿತ್ತಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಫ್ರಾಂಕ್ ಮರ್ಫಿ ಅದನ್ನು ಜನಾಂಗದ್ವೇಷವೆಂದೇ ಕರೆದರು. ಸರ್ಕಾರ ನ್ಯಾಯಾಲಯದಿಂದ ದಾಖಲೆ ಮುಚ್ಚಿಟ್ಟಿತ್ತೆಂದು ಬಯಲಾಗಿ ಕೊರೆಮಾತ್ಸು ಮೇಲಿನ ಶಿಕ್ಷೆ ರದ್ದಾದದ್ದು 1983ರಲ್ಲಿ. 1988ರಲ್ಲಿ ದೇಶ ಕ್ಷಮೆ ಕೇಳಿ, ಬದುಕುಳಿದ ಒಬ್ಬೊಬ್ಬರಿಗೂ 20,000 ಡಾಲರ್ ಕೊಡಲು ಕಾಯ್ದೆ ಮಾಡಿತು. ಅಷ್ಟರಲ್ಲಿ ಎಷ್ಟೋ ಹಿರಿಯರು ಕಣ್ಣು ಮುಚ್ಚಿದ್ದರು.

ಆದ್ದರಿಂದ ಮಕ್ಕಳೇ, ಒಂದು ಸಮುದಾಯದತ್ತ ಬೆರಳು ತೋರಿಸಿ ಯಾರಾದರೂ ಕೂಗಿದರೆ ಒಂದೇ ಪ್ರಶ್ನೆ ಕೇಳಿ: ಈ ಮನುಷ್ಯ ಮಾಡಿದ್ದೇನು? ಉತ್ತರ ಸಿಗದಿದ್ದರೆ ಆ ಕೂಗಿಗೆ ದನಿಗೂಡಿಸಬೇಡಿ. ಕಾನೂನು ಹೇಳಿತು, ಬಹುಮತ ಒಪ್ಪಿತು, ದೊಡ್ಡ ನಾಯಕರು ಸಹಿ ಹಾಕಿದರು ಎಂಬುದು ನಿಮ್ಮ ಆತ್ಮಸಾಕ್ಷಿಗೆ ಸಮಾಧಾನವಾಗದಿರಲಿ. ನೀವು ಇಲ್ಲೇ ಇರಿ, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರಿ, ನೆರೆಯವರ ಪರವಾಗಿ ಆಡುವ ಮಾತನ್ನು ನಾಳೆಗೆ ಇಡಬೇಡಿ.